ಕೆಂಚನ ಕಿವಿಕಲ್ಲು

ಮೀನಿನ ಮೈ ಕಾರ್ಖಾನೆಗೆ, ತಲೆ ನನಗೆ. ನಮ್ಮ ಬಂದರಿನಲ್ಲಿ ಇದು ಲಾಗಾಯ್ತಿನಿಂದ ನಡೆದುಬಂದ ರೂಢಿ. ಕಾರ್ಖಾನೆಯ ಹೆಂಗಸರು ಕಿವಿರಿನ ಹಿಂದೆ ಒಂದೇ ಏಟಿಗೆ ತಲೆ ಬೇರ್ಪಡಿಸಿ ಐಸು ತುಂಬಿದ ಪೆಟ್ಟಿಗೆಗೆ ಎಸೆಯುತ್ತಾರೆ. ಪೆಟ್ಟಿಗೆ ತುಂಬಿದ ಮೇಲೆ ತಳ್ಳುಗಾಡಿಯಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ನಾನು ತಲೆಬುರುಡೆಯ ಮೇಲ್ಭಾಗವನ್ನು ಮುಚ್ಚಳದಂತೆ ಕತ್ತರಿಸಿ ತೆಗೆದು, ಮಿದುಳನ್ನು ಪಕ್ಕಕ್ಕೆ ಸರಿಸಿ, ಅದರಡಿಯ ಎರಡು ಗೂಡುಗಳಿಂದ ಎರಡು ಬಿಳಿ ಕಲ್ಲುಗಳನ್ನು ಚಿಮಟದಲ್ಲಿ ಎತ್ತುತ್ತೇನೆ. ಮೀನಿಗೆ ಹೊರಗಡೆ ಕಿವಿ ಕಾಣದಿದ್ದರೂ ಒಳಗಡೆ ಕಿವಿಯುಂಟು, ಆ ಕಿವಿಯೊಳಗೆ ಕಲ್ಲುಂಟು. ಕಲ್ಲು ಪದರ ಪದರವಾಗಿ ಬೆಳೆಯುತ್ತದೆ, ವರ್ಷಕ್ಕೊಂದು ಪದರ. ಅದನ್ನು ಎಣಿಸಿ ಮೀನಿನ ವಯಸ್ಸು ಹೇಳುವುದು ನನ್ನ ಉದ್ಯೋಗ.

ಬಂದರಿನವರು ನನ್ನನ್ನು ಕಲ್ಲಮ್ಮ ಎನ್ನುತ್ತಾರೆ. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಮುಖಕ್ಕೇ ಅನ್ನುತ್ತಾರೆ. ನನ್ನದು ನಗುಮುಖವೂ ಅಲ್ಲ, ಹಾಗಾಗಿ ಹೆಸರು ಚೆನ್ನಾಗಿ ಅಂಟಿಕೊಂಡಿತು. ಹೆಣ್ಣು ನೋಡಲು ಬಂದವನೊಬ್ಬ ನನ್ನ ಕೈ ಮೂಸಿ ನೋಡಿದಂತೆ ಮಾಡಿದ. ಅವನಿಗೆ ಕಾಫಿ ಕೊಟ್ಟು ಕಳಿಸಿದವಳು ಆಮೇಲೆ ಆ ಯೋಚನೆಯನ್ನೇ ಬಿಟ್ಟೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಅತ್ತಿಗೆ ಹೇಳುತ್ತಾರೆ, ಅದು ಸುಳ್ಳಲ್ಲ.

ಈಗ ಹೇಳಹೊರಟಿರುವುದು ಕೆಂಚನ ಸಂಗತಿ. ಪುಸ್ತಕದಲ್ಲಿ ಆ ಮೀನಿಗೆ ನಾಲಿಗೆ ಹೊರಳದ ಹೆಸರಿದೆ. ಬೋಟಿನವರು ಬಣ್ಣ ನೋಡಿ ಕೆಂಚ ಎಂದರು. ಮೊಳದುದ್ದದ ಮೀನು, ಸುಟ್ಟ ಇಟ್ಟಿಗೆಯ ಕೆಂಪು. ಮೈಯ ಮೂರರಲ್ಲೊಂದು ಪಾಲು ತಲೆಯೇ. ಆ ತಲೆಯ ತುಂಬ ಮೂಳೆಯ ಏಣುಗಳು, ಏಣುಗಳ ನಡುವೆ ಹಳ್ಳಗಳು, ಹಳ್ಳಗಳ ತುಂಬ ಲೋಳೆ, ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚರ್ಮ. ಬೆಳಕಿಲ್ಲದ ಕಡೆ ನೀರು ಎಲ್ಲಿ ಅಲುಗಿತು, ಏನು ಹತ್ತಿರ ಬಂತು ಎಂದು ಅದು ತಿಳಿಯುವುದು ಈ ಲೋಳೆಯ ಕಾಲುವೆಗಳಿಂದಲೇ. ಕಣ್ಣು ದೊಡ್ಡದು, ಬಾಯೊಳಗೆಲ್ಲ ಮಸಿಗಪ್ಪು. ಹೊಟ್ಟೆಯ ಅಂಚಿಗೆ ಮುಳ್ಳುಮುಳ್ಳಾದ ಗಟ್ಟಿ ಹುರುಪೆಗಳ ಸಾಲು ಇರುತ್ತದೆ, ಕೈಗವಸು ಇಲ್ಲದೆ ಹಿಡಿದರೆ ಅಂಗೈ ಸೀಳುತ್ತದೆ. ಚರ್ಮದಡಿ ಮೇಣದಂಥ ಎಣ್ಣೆ. ಅದು ಮೀನನ್ನು ಮುಳುಗದಂತೆ ಹಿಡಿಯುತ್ತದೆ, ಮನುಷ್ಯನ ಹೊಟ್ಟೆಗೆ ಹೋದರೆ ಬುಡಮೇಲು ಮಾಡುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಚರ್ಮವನ್ನು ದಪ್ಪನಾಗಿ ಸುಲಿದು ಬಿಸಾಡುತ್ತಾರೆ.

ಅಷ್ಟು ಆಳದಲ್ಲಿ ಇಷ್ಟು ಕೆಂಪು ಯಾಕೆ ಎಂದು ಅತ್ತಿಗೆ ಒಮ್ಮೆ ಕೇಳಿದ್ದರು. ಕೆಂಚ ಇರುವುದು ಒಂದು ಕಿಲೋಮೀಟರ್ ಕೆಳಗೆ. ಬೆಳಕಿನೊಳಗಿನ ಕೆಂಪು ಅಲ್ಲಿಗೆ ತಲುಪುವುದೇ ಇಲ್ಲ, ಮೇಲೆಯೇ ಕರಗಿಹೋಗುತ್ತದೆ. ಹಾಗಾಗಿ ಕೆಂಪು ಮೈ ಅಲ್ಲಿ ಬರೀ ಕಪ್ಪು, ಯಾರ ಕಣ್ಣಿಗೂ ಬೀಳದ ಕಪ್ಪು. ಕೆಂಚನನ್ನು ಕೆಂಚನಾಗಿ ಕಂಡವರೆಲ್ಲ ಅದರ ಹೆಣವನ್ನೇ ಕಂಡವರು. ಇದನ್ನು ಹೇಳಿದಾಗ ಅತ್ತಿಗೆ, "ಊಟದ ಹೊತ್ತಲ್ಲಿ ಇಂಥದ್ದೇ ಬರುತ್ತಲ್ಲ ನಿನ್ನ ಬಾಯಲ್ಲಿ," ಎಂದು ಎದ್ದುಹೋದರು.

ಕೆಂಚನನ್ನು ನಮ್ಮ ಬಂದರಿಗೆ ತಂದವನು ನನ್ನ ಅಣ್ಣ. ಕಡಲ ತಳದಿಂದ ಎದ್ದು, ನೀರಿನ ಮೇಲೆ ತಲೆ ಹಾಕದೆ ಕೆಳಗೇ ನಿಂತುಬಿಟ್ಟ ಗುಡ್ಡವೊಂದನ್ನು ಅವನು ಪತ್ತೆಹಚ್ಚಿದ. ತಣ್ಣನೆಯ ಪ್ರವಾಹ ಆ ಗುಡ್ಡಕ್ಕೆ ಬಡಿದು ಸುತ್ತುವಾಗ ಸಿಗಡಿ, ಸಣ್ಣ ಮೀನು ಎಲ್ಲವನ್ನೂ ತಂದು ಸುರಿಯುತ್ತದೆ. ಕೆಂಚ ಅದರ ಎದುರು ಮುಖಮಾಡಿ ಸುಮ್ಮನೆ ನಿಂತಿರುತ್ತದೆ. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ದೂರದೂರದಿಂದ ಬಂದು ಗುಡ್ಡದ ತುದಿಯ ಮೇಲೆ ಒತ್ತೊತ್ತಾಗಿ ಸೇರುತ್ತದೆ, ಮೊಟ್ಟೆ ಇಡಲು. ಆಗ ಆಳ ತೋರಿಸುವ ಯಂತ್ರದ ಪರದೆಯ ಮೇಲೆ ಗುಡ್ಡದ ನೆತ್ತಿಗೆ ಇನ್ನೊಂದು ಗುಡ್ಡ ಕೂತಂತೆ ಕಾಣುತ್ತದೆ. ಬಲೆಯನ್ನು ನಾಲ್ಕು ನಿಮಿಷ ಎಳೆದರೆ ಸಾಕು, ಬೋಟು ಒಂದು ಕಡೆಗೆ ವಾಲುತ್ತದೆ.

ಮೊದಲ ವರ್ಷ ನಾನೂ ಬೋಟಿನಲ್ಲಿದ್ದೆ. ಬಲೆ ಮೇಲೆ ಬಂದಾಗ ಸಮುದ್ರ ಕೆಂಪಗೆ ಉಬ್ಬಿತು. ಮೀನುಗಳ ಜೊತೆಗೆ ಮುರಿದ ಹವಳದ ಕೊಂಬೆಗಳು ಬಂದವು, ಒಂದೊಂದು ನನ್ನ ತೋಳಿನಷ್ಟು ದಪ್ಪ. ಹುಡುಗರು ಅವನ್ನು ಸಲಿಕೆಯಲ್ಲಿ ಎತ್ತಿ ನೀರಿಗೆ ಎಸೆದರು. ಅಣ್ಣ ಚುಕ್ಕಾಣಿ ಕೋಣೆಯ ಕಿಟಕಿಯಿಂದ ಮುಖ ಹೊರಹಾಕಿ ನನ್ನನ್ನು ನೋಡಿ ನಕ್ಕ. ಅಪ್ಪ ಸತ್ತ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ, ನನಗೂ ಖುಷಿಯಾಯಿತು.

ಕೆಂಚನ ವಯಸ್ಸು ಹೇಳಿದವರು ನಮ್ಮ ಸೋದರಮಾವ. ಆಗ ಪ್ರಯೋಗಾಲಯಕ್ಕೆ ಅವರೇ ಮುಖ್ಯಸ್ಥರು, ನನಗೆ ಚಿಮಟ ಹಿಡಿಯಲು ಕಲಿಸಿದವರೂ ಅವರೇ. ಉಳಿದ ಮೀನುಗಳ ಕಲ್ಲನ್ನು ನೋಡುವಂತೆಯೇ ಕೆಂಚನ ಕಲ್ಲನ್ನೂ ಎಣ್ಣೆಯಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಮೇಲಿನಿಂದ ನೋಡಿದರು. ಪಟ್ಟಿಗಳು ಢಾಳಾಗಿ ಕಾಣುತ್ತಿದ್ದವು, ಸಂದೇಹಕ್ಕೆ ಎಡೆಯೇ ಇರಲಿಲ್ಲ. ಬಹಳ ಮುದಿ ಮೀನಿಗೆ ಮೂವತ್ತು ವರ್ಷ. ಮೊದಲ ಸಲ ಮೊಟ್ಟೆಗೆ ಬರುವುದು ಐದಾರು ವರ್ಷಕ್ಕೆ. ಅದೇ ಎಲ್ಲ ಕಡೆ ಅಚ್ಚಾಯಿತು, ನಾವೆಲ್ಲ ಹಾಗೆಯೇ ಎಣಿಸುತ್ತ ಬಂದೆವು.

ಬಲೆಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಇಳಿಯಿತು. ಆಗ ಅಣ್ಣ ಮಾಡಿದ ಕೆಲಸ ಸಣ್ಣದಲ್ಲ, ಅದನ್ನು ನಾನು ಹೇಳಲೇಬೇಕು. ಯಾವ ಕಾನೂನೂ ಇರಲಿಲ್ಲ, ಯಾವ ಅಧಿಕಾರಿಯೂ ಕೇಳಿರಲಿಲ್ಲ. ಅವನೇ ಮಾವನ ಹತ್ತಿರ ಬಂದು ಕೂತು, ಮೀನು ಮತ್ತೆ ತುಂಬಿಕೊಳ್ಳಲು ಎಷ್ಟು ಕಾಲ ಬೇಕೆಂದು ಕೇಳಿದ. ಏಳು ವರ್ಷ ಬಿಟ್ಟರೆ ಒಂದು ತಲೆಮಾರು ಮೊಟ್ಟೆಗೆ ಬಂದಿರುತ್ತದೆ ಎಂದರು ಮಾವ. ಅಣ್ಣ ಒಬ್ಬೊಬ್ಬ ಕ್ಯಾಪ್ಟನ್ನನ ಮನೆಗೂ ಹೋಗಿ, ಬೈಸಿಕೊಂಡು, ಕೈಕಾಲು ಹಿಡಿದು, ಏಳು ವರ್ಷ ಗುಡ್ಡದ ಮೇಲೆ ಬಲೆ ಇಳಿಸಬಾರದೆಂದು ಒಪ್ಪಿಸಿದ. ಗೊರಕೆ ಕ್ಯಾಪ್ಟನ್ ಎಂಬೊಬ್ಬನಿದ್ದಾನೆ, ಸಭೆಯಲ್ಲಿ ಕೂತಲ್ಲೇ ನಿದ್ದೆಹೋಗುವವನು. ಅವನು ಮಾತ್ರ ಅಂದು ಎಚ್ಚರವಾಗಿದ್ದು, "ಏಳು ವರ್ಷ ಆದ್ಮೇಲೆ ಮೀನು ಬರ್ದೇ ಇದ್ರೆ?" ಎಂದು ಕೇಳಿದ.

"ಬರುತ್ತೆ. ನನ್ನ ಮಾತು," ಎಂದ ಅಣ್ಣ.

ಏಳು ವರ್ಷ ಯಾರೂ ಹೋಗಲಿಲ್ಲ. ದಡದ ಹತ್ತಿರದ ಚಿಲ್ಲರೆ ಮೀನು ಹಿಡಿದುಕೊಂಡು, ಗೊಣಗಿಕೊಂಡು, ಮಾತು ಉಳಿಸಿಕೊಂಡರು. ಈಗಲೂ ಅದನ್ನು ನೆನೆದರೆ ಆ ಒರಟರ ಬಗ್ಗೆ ಗೌರವ ಬರುತ್ತದೆ.

ಅದಕ್ಕೂ ಮುಂಚಿನ ಇನ್ನೊಂದು ಸಂಗತಿ. ಆ ಗುಡ್ಡಕ್ಕಿಂತ ಇನ್ನೂ ಎರಡು ದಿನದ ದಾರಿಯಲ್ಲಿ ಮತ್ತೊಂದು ಗುಡ್ಡವಿತ್ತು, ಸಣ್ಣದು. ಬಿರುಗಾಳಿಗೆ ದಿಕ್ಕು ತಪ್ಪಿ ಹೋದ ಒಂದು ಸಲ ಅಣ್ಣ ಅದನ್ನು ಕಂಡಿದ್ದ, ಒಂದೇ ಒಂದು ಸಲ ಬಲೆ ಇಳಿಸಿದ್ದ. ಆ ಮೀನುಗಳ ತಲೆಯನ್ನು ಕಾರ್ಖಾನೆಗೆ ಕೊಡದೆ ತಾನೇ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟ.

"ಇದರ ಬಗ್ಗೆ ತುಟಿಪಿಟಕ್ ಅನ್ಬೇಡ," ಎಂದ. "ಅಲ್ಲಿ ಇನ್ನೂ ಯಾರೂ ಕೈ ಹಾಕಿಲ್ಲ. ಅದು ಬೀಜಕ್ಕೆ ಇರ್ಲಿ."

ಬೀಜಕ್ಕೆ ಎಂಬ ಮಾತು ನನ್ನ ಮನಸ್ಸಿಗೆ ಎಷ್ಟು ಹಿಡಿಸಿತೆಂದರೆ, ಆಮೇಲೆ ನನಗೆ ಆ ಸಣ್ಣ ಗುಡ್ಡದ್ದೇ ಧ್ಯಾನವಾಯಿತು. ಎಲ್ಲ ಹೋದರೂ ಅದೊಂದು ಉಳಿಯಬೇಕು ಎಂದುಕೊಂಡೆ. ಬಿರುಗಾಳಿಯಲ್ಲಿ ಬೋಟಿನ ಹುಡುಗರಿಗೆ ದಿಕ್ಕೇ ತಿಳಿದಿರಲಿಲ್ಲ, ಅದರ ಜಾಗ ಗೊತ್ತಿದ್ದವನು ಅವನೊಬ್ಬನೇ. ಅಂಥ ಗುಡ್ಡವೊಂದಿದೆ ಎಂದು ಗೊತ್ತಿದ್ದವರು ನಾವಿಬ್ಬರು. ಮೀನುಗಾರಿಕೆ ಇಲಾಖೆಗೆ ತಿಳಿಸಿದ್ದರೆ ಅವರು ಮೀನಮೇಷ ಎಣಿಸುವಷ್ಟರಲ್ಲಿ ಊರಿಗೆಲ್ಲ ಡಂಗುರವಾಗುತ್ತಿತ್ತು. ಅಣ್ಣನ ಬಾಯಿಗಿಂತ ಭದ್ರವಾದ ಬೀಗ ನನಗೆ ಬೇರೆ ಕಾಣಲಿಲ್ಲ.

ಏಳು ವರ್ಷ ಮುಗಿದ ಚಳಿಗಾಲದಲ್ಲಿ ಎಲ್ಲ ಬೋಟುಗಳೂ ದೊಡ್ಡ ಗುಡ್ಡಕ್ಕೆ ಹೋದವು. ಪ್ರಯೋಗಾಲಯದ ನಾವೂ ಅಣ್ಣನ ಬೋಟಿನಲ್ಲಿ ಹೋದೆವು, ಕ್ಯಾಮೆರಾ ಇಳಿಸಿ ನೋಡಲು. ಯಂತ್ರದ ಪರದೆಯ ಮೇಲೆ ಗುಡ್ಡವಿತ್ತು, ಅದರ ನೆತ್ತಿಯ ಮೇಲೆ ಏನೂ ಇರಲಿಲ್ಲ. ಅಣ್ಣ ಪರದೆಯನ್ನು ಅಂಗೈಯಿಂದ ಒರೆಸಿ ಮತ್ತೆ ನೋಡಿದ. ಕ್ಯಾಮೆರಾದಲ್ಲಿ ಕಂಡದ್ದು ಕ್ಷೌರ ಮಾಡಿಸಿದ ತಲೆಯಂಥ ಬಂಡೆ. ಹವಳದ ಪೊದೆಗಳಿದ್ದ ಕಡೆ ಪುಡಿ, ಪುಡಿಯ ನಡುವೆ ಬಲೆಯ ತಳಕ್ಕೆ ಕಟ್ಟುವ ಕಬ್ಬಿಣದ ಗುಂಡುಗಳು ಉರುಳಿಹೋದ ಗೀರುಗಳು, ನಿನ್ನೆ ಮೊನ್ನೆ ಎಳೆದಷ್ಟು ಹೊಸತಾಗಿ. ಅಲ್ಲೊಂದು ಇಲ್ಲೊಂದು ಕೆಂಚ ಬಂಡೆಯ ಮರೆಯಲ್ಲಿ ನಿಂತಿತ್ತು, ದೀಪದ ಬೆಳಕಿಗೆ ಬಿಳಿಚಿಕೊಂಡು, ಅಲುಗದೆ.

ಬಂದರಿಗೆ ಮರಳಿದ ಮೇಲೆ ಅಣ್ಣನಿಗೆ ಮುಖ ಎತ್ತಿ ತಿರುಗಲು ಆಗಲಿಲ್ಲ. "ಕಲ್ಲಮ್ಮನ ಅಣ್ಣ ನಮ್ಮ ತಲೆ ಮೇಲೇ ಕಲ್ಲು ಹಾಕ್ದ," ಎಂದು ಗೊರಕೆ ಕ್ಯಾಪ್ಟನ್ ಐಸು ಮಾರುವ ಅಂಗಡಿಯ ಮುಂದೆ ನಿಂತು ಹೇಳಿದ. ಎಲ್ಲರೂ ನಕ್ಕರು. ಅಣ್ಣ ಕೇಳಿಸಿಕೊಂಡು ಕೇಳಿಸದವನಂತೆ ದಾಟಿಹೋದ. ಏಳು ವರ್ಷ ಅವರ ಬದುಕನ್ನು ಹಿಡಿದು ಕಟ್ಟಿಹಾಕಿದವನು ಅವನು, ಅವನಿಗೆ ಎದುರಾಡುವ ಬಾಯಿ ಇರಲಿಲ್ಲ.

ಸಂಜೆ ಪ್ರಯೋಗಾಲಯಕ್ಕೆ ಬಂದು ಸ್ಟೂಲಿನ ಮೇಲೆ ಕೂತ. "ಮೀನು ಎಲ್ಲಿಗೆ ಹೋಯ್ತೇ?" ಎಂದ.

"ಗೊತ್ತಿಲ್ಲ ಅಣ್ಣ."

"ಗೊತ್ತು ಮಾಡ್ಕೊಂಡು ಹೇಳು. ನೀನು ಹೇಳಿದ್ರೆ ನಂಬ್ತೀನಿ. ಬೇರೆ ಯಾರನ್ನೂ ಇನ್ನು ಕೇಳಲ್ಲ."

ನಾನು ಕೆಲಸಕ್ಕೆ ಕೂತೆ. ಹೊರಗಿನ ಪ್ರಯೋಗಾಲಯಗಳಲ್ಲಿ ಬೇರೆ ಕೆಲವು ಮೀನುಗಳ ಕಲ್ಲನ್ನು ಮೇಲಿನಿಂದ ನೋಡುವುದನ್ನು ಬಿಟ್ಟು ಅಡ್ಡಕ್ಕೆ ಕೊಯ್ದು ನೋಡಲು ಶುರುಮಾಡಿದ್ದರು. ಕೆಂಚನ ಕಲ್ಲು ಇಷ್ಟು ಸ್ಪಷ್ಟವಾಗಿ ಕಾಣುವಾಗ ಅದನ್ನು ಕೊಯ್ಯುವ ತಾಪತ್ರಯ ಯಾರಿಗೆ ಬೇಕು ಎಂದು ಎಲ್ಲರೂ ಬಿಟ್ಟಿದ್ದೆವು. ಸಣ್ಣ ಗುಡ್ಡದ ಕಲ್ಲುಗಳನ್ನೇ ತೆಗೆದುಕೊಂಡೆ. ರೆಸಿನ್ ಎಂಬ ಪಾರದರ್ಶಕ ಅಂಟಿನಲ್ಲಿ ಅಚ್ಚುಹಾಕಿ, ಗಟ್ಟಿಯಾದ ಮೇಲೆ ವಜ್ರದ ಅಂಚಿನ ಗರಗಸದಲ್ಲಿ ನಟ್ಟನಡುವೆ ಕೊಯ್ದು, ಉಗುರಿಗಿಂತ ತೆಳುವಾದ ಬಿಲ್ಲೆ ಮಾಡಿ, ನುಣುಪಾಗುವವರೆಗೆ ಉಜ್ಜಿ, ಬೆಳಕಿನ ಮೇಲಿಟ್ಟೆ.

ಮೇಲಿನಿಂದ ಒಂದೇ ಅಗಲ ಪಟ್ಟಿಯಂತೆ ಕಂಡದ್ದು ಒಳಗೆ ನಾಲ್ಕೋ ಐದೋ ತೆಳು ಪದರಗಳಾಗಿತ್ತು. ಮಡಿಸಿಟ್ಟ ಬಟ್ಟೆಯ ರಾಶಿಯನ್ನು ಮೇಲಿನಿಂದ ನೋಡಿ ಒಂದೇ ಬಟ್ಟೆ ಎಂದಂತೆ ಆಗಿತ್ತು ನಮ್ಮ ಕಥೆ. ಅಂಚಿನ ಹತ್ತಿರ ಹೋದಂತೆ ಪದರಗಳು ಇನ್ನೂ ಒತ್ತು, ಇನ್ನೂ ತೆಳು. ಎಣಿಸಿದೆ. ನಂಬಿಕೆಯಾಗದೆ ಇನ್ನೊಂದು ಕೊಯ್ದೆ. ಆಮೇಲೆ ಮೂರನೆಯದನ್ನೂ ಕೊಯ್ದೆ. ಎಂಬತ್ತು ದಾಟಿದ್ದು ಒಂದು, ನೂರು ದಾಟಿದ್ದು ಒಂದು, ನೂರ ಮೂವತ್ತರ ಹತ್ತಿರ ಬಂದು ನಿಂತಿದ್ದು ಇನ್ನೊಂದು. ಮೊದಲ ಮೊಟ್ಟೆಗೆ ಬರುವುದು ಐದಕ್ಕಲ್ಲ, ಮೂವತ್ತರ ಆಸುಪಾಸಿಗೆ. ನಮ್ಮ ಅಜ್ಜಿಯ ಅಜ್ಜಿ ತೊಟ್ಟಿಲಲ್ಲಿದ್ದಾಗ ಮರಿಯಾಗಿದ್ದ ಮೀನನ್ನು ನಾವು ಸುಲಿದು, ಹೋಳು ಮಾಡಿ, ಪೊಟ್ಟಣ ಕಟ್ಟಿದ್ದೆವು.

ಮಾವ ನಿವೃತ್ತರಾಗಿ ಹಿಂದಿನ ಬೀದಿಯ ಒಂದು ಕೋಣೆಯಲ್ಲಿದ್ದರು. ಅವರನ್ನು ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ. ತುಟಿ ಎಣಿಸುತ್ತಿತ್ತು. ಅರ್ಧದಲ್ಲಿ ನಿಂತಿತು.

"ನಾನು ಎಣಿಸಿದ್ದು ತಪ್ಪಿರಲಿಲ್ಲ ಮಗಳೇ," ಎಂದರು. "ನೋಡಿದ ಕಡೆ ತಪ್ಪು."

"ಎಲ್ಲರೂ ಅಲ್ಲೇ ನೋಡಿದ್ದು ಮಾವ."

"ಹಾಗಾದ್ರೆ ಅವರು ಕಾದ ಏಳು ವರ್ಷ?" ಎಂದವರು ಉತ್ತರಕ್ಕೆ ಕಾಯದೆ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು. ಅದು ಶುಭ್ರವಾಗಿಯೇ ಇತ್ತು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೈಹಿಡಿದು ಮನೆ ಮುಟ್ಟಿಸಿದೆ. ಮೆಟ್ಟಿಲ ಹತ್ತಿರ ನಿಂತು, ಇದನ್ನು ಯಾರಿಗೂ ಮುಚ್ಚಿಡಬೇಡ ಎಂದು ಹೇಳಿದರು. ಅದಾದ ಮೇಲೆ ಅವರು ಬಂದರಿನ ಕಡೆ ಕಾಲಿಡಲಿಲ್ಲ.

ಅಣ್ಣನಿಗೆ ಹೇಳಿದ್ದು ಅವನ ಮನೆಯ ಅಡುಗೆಕೋಣೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಅತ್ತಿಗೆ ಬಡಿಸುತ್ತಿದ್ದರು. ಮೊಮ್ಮಗಳು ನೆಲದ ಮೇಲೆ ಚಮಚ ಬಡಿಯುತ್ತ ಕೂತಿದ್ದಳು. ಬಿಲ್ಲೆಗಳ ಚಿತ್ರವನ್ನು ದೊಡ್ಡದು ಮಾಡಿಸಿ ಒಯ್ದಿದ್ದೆ. ಪದರಗಳನ್ನು ಬೆರಳಿಟ್ಟು ತೋರಿಸಿದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು ನನಗೆ ಬರುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಮೀನು ಎಲ್ಲಿಗೂ ಹೋಗಿಲ್ಲ ಅಣ್ಣ. ಇದ್ದದ್ದನ್ನ ನಾವು ಹಿಡಿದು ಮುಗಿಸಿದ್ವಿ. ಮರಿಗಳು ಇನ್ನೂ ಬೆಳೆದೇ ಇಲ್ಲ."

"ದೊಡ್ಡ ಗುಡ್ಡ ಮತ್ತೆ ತುಂಬೋದು ಯಾವಾಗ?"

"ನಿನ್ನ ಕಾಲಕ್ಕಿಲ್ಲ."

"ಮಗಳ ಕಾಲಕ್ಕೆ?"

"ಅನುಮಾನ. ನಾವೆಲ್ಲ ಕೈ ಕಟ್ಟಿ ಕೂತ್ರೆ, ಸಣ್ಣ ಗುಡ್ಡದ ಮೀನು ಹಾಗೇ ಉಳಿದ್ರೆ, ಆಗ ಒಂದು ದಿನ."

ಅತ್ತಿಗೆ ಸೌಟು ಹಿಡಿದೇ ನಿಂತರು. "ಅಂದ್ರೆ ಈ ಪಾಪು ಅಜ್ಜಿ ಆಗೋ ಹೊತ್ತಿಗಾ?"

"ಹೂಂ ಅತ್ತಿಗೆ. ಆಗ್ಲೂ ಅದೃಷ್ಟ ಇದ್ರೆ."

ಅಣ್ಣ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅವನು ವಾದಿಸುತ್ತಾನೆ, ಮಾವನನ್ನು ಬೈಯುತ್ತಾನೆ, ತಟ್ಟೆ ತಳ್ಳಿ ಏಳುತ್ತಾನೆ ಎಂದೆಲ್ಲ ಅಂದುಕೊಂಡು ಸೆರಗು ಬಿಗಿದು ಹೋಗಿದ್ದೆ. ಅವನು ಏನನ್ನೂ ಮಾಡಲಿಲ್ಲ. "ನೀನು ಹೇಳಿದ್ಮೇಲೆ ಮುಗೀತು ಬಿಡು," ಎಂದ. ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಪೂರ್ತಿ ಉಂಡ. ಏಳುವಾಗ ಮೊಮ್ಮಗಳ ಕೈಯಿಂದ ಚಮಚ ಬಿಡಿಸಿಕೊಂಡು ಅವಳನ್ನು ಎತ್ತಿಕೊಂಡ.

ನಾನು ಹಗುರಾಗಿ ಮನೆಗೆ ಬಂದೆ. ಅಣ್ಣ ನಂಬಿದ ಎಂಬುದೇ ನನಗೆ ದೊಡ್ಡದಾಗಿತ್ತು. ಬರೀ ಏಳು ವರ್ಷದ ಲೆಕ್ಕವನ್ನು ನಂಬಿ ಅಷ್ಟು ಜನರನ್ನು ತಡೆದು ನಿಲ್ಲಿಸಿದವನು, ನೂರು ವರ್ಷದ ಲೆಕ್ಕ ತಿಳಿದ ಮೇಲೆ ಸಣ್ಣ ಗುಡ್ಡವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೆ ಎಂದು ನನ್ನ ಎಣಿಕೆ. ಅದು ಉಳಿಯಿತು ಎಂದೇ ನಾನು ತಿಳಿದೆ. ಎಷ್ಟೋ ವರ್ಷಗಳ ಮೇಲೆ ಅಂದು ಅಡುಗೆ ಮಾಡುವಾಗ ಹಾಡಿಕೊಂಡೆ.

ಮುಂದಿನ ವಾರ ಒಂದು ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋಗುವ ದಾರಿಯಲ್ಲಿ ಬಂದರು ಖಾಲಿಯಾಗಿರುವುದು ಕಂಡಿತು. ಕಟ್ಟೆಗೆ ಬಡಿಯುವ ನೀರು ಬಿಟ್ಟರೆ ಬೇರೇನಿಲ್ಲ. ನಮ್ಮ ಕ್ಯಾಪ್ಟನ್‌ಗಳು ಒಬ್ಬರ ಮುಖ ಒಬ್ಬರು ನೋಡದೆ, ಒಬ್ಬೊಬ್ಬರಾಗಿ, ಕದ್ದು ಹೋಗುವವರಂತೆ ಹೋಗುವುದು ವಾಡಿಕೆ. ಐಸು ಮಾರುವವನನ್ನು ಕೇಳಿದೆ.

"ಎಲ್ಲಾ ಒಟ್ಟಿಗೆ ಹೋದ್ರಲ್ಲ ಕಲ್ಲಮ್ಮ," ಎಂದ ಅವನು. ಅವನ ಮುಖ ಅರಳಿತ್ತು. "ನಿಮ್ಮಣ್ಣನೇ ಮುಂದೆ. ನನ್ನ ಹತ್ರ ಒಂದು ಚೂರು ಐಸ್ ಉಳಿದಿಲ್ಲ ನೋಡಿ."

ಚಪ್ಪಲಿ ಕೈಯಲ್ಲಿ ಹಿಡಿದು ಅಣ್ಣನ ಮನೆಗೆ ಓಡಿದೆ. ಅತ್ತಿಗೆ ಬಟ್ಟೆ ಹಿಂಡುತ್ತಿದ್ದರು. ನನ್ನನ್ನು ನೋಡಿ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಎಲ್ಲರನ್ನೂ ಇಲ್ಲಿಗೇ ಕರೆಸಿದ್ರು," ಎಂದರು. "ಆ ಗೊರಕೆನೂ ಬಂದಿದ್ದ. ಆ ಸಣ್ಣ ಗುಡ್ಡದ ಜಾಗ ಎಲ್ಲಿ, ಆಳ ಎಷ್ಟು, ಬಲೆ ಯಾವ ಕಡೆಯಿಂದ ಇಳಿಸ್ಬೇಕು, ಎಲ್ಲಾ ಬಾಯಿಬಿಟ್ಟು ಹೇಳಿದ್ರು."

"ನೀವು ತಡೀಲಿಲ್ವಾ ಅತ್ತಿಗೆ?"

"ಏನಂತ ತಡೀಲಿ? ಏಳು ವರ್ಷದ ಮೇಲೆ ಅವರ ಜೊತೆ ಜನ ಕೂತು ನಗ್ತಾ ಮಾತಾಡಿದ್ದನ್ನ ಮೊನ್ನೆನೇ ನೋಡಿದ್ದು ನಾನು."

ನನಗೆ ಬೈಗುಳ ನಾಲಿಗೆಯ ತುದಿಗೆ ಬಂತು. ಅತ್ತಿಗೆಯ ಕೆಂಪಾದ ಕೈಗಳನ್ನು ನೋಡಿ ನುಂಗಿಕೊಂಡೆ.

ಬೋಟುಗಳು ಬಂದಾಗ ಮೀನಿನ ಭಾರಕ್ಕೆ ನೀರಿನ ಮಟ್ಟಕ್ಕೆ ಕುಸಿದಿದ್ದವು. ಬಂದರಿನಲ್ಲಿ ಜಾತ್ರೆಯ ಗದ್ದಲ. ಕಾರ್ಖಾನೆಯವರು ಎರಡು ಪಾಳಿ ಮಾಡಿ, ಹೊರಗಿನಿಂದ ಕೂಲಿಯವರನ್ನು ಕರೆಸಿದರು. ತಲೆಗಳು ಬರತೊಡಗಿದವು. ಪೆಟ್ಟಿಗೆಗಳು ನನ್ನ ಕೋಣೆ ತುಂಬಿ, ಹಜಾರ ತುಂಬಿ, ಮೆಟ್ಟಿಲವರೆಗೂ ಬಂದವು. ಐಸು ಸಾಲದೆ ವಾಸನೆ ಎದ್ದಿತು. ಎಲ್ಲ ಪೆಟ್ಟಿಗೆಗಳಿಂದಲೂ ಅವೇ ದೊಡ್ಡ ಕಣ್ಣುಗಳು, ಮೋಡಗಟ್ಟಿದ ಗಾಜಿನಂತೆ ಮಬ್ಬಾಗಿ, ಮೇಲಕ್ಕೆ ನೋಡುತ್ತಿದ್ದವು. ನಾನು ಕತ್ತರಿಸಿದೆ, ಕಲ್ಲು ಎತ್ತಿದೆ, ತೊಳೆದೆ, ಮತ್ತೆ ಕತ್ತರಿಸಿದೆ. ಅಳು ಬಂದಾಗ ಮೊಣಕೈಯಿಂದ ಒರೆಸಿಕೊಂಡೆ, ಅಂಗೈ ತುಂಬ ಲೋಳೆಯಿತ್ತು. ಕೊಯ್ದು ನೋಡಿದ ಬಿಲ್ಲೆಗಳಲ್ಲಿ ನನಗಿಂತ ಚಿಕ್ಕ ಮೀನು ಒಂದೂ ಸಿಗಲಿಲ್ಲ.

ಅಣ್ಣ ಸಂಜೆಯ ಹೊತ್ತಿಗೆ ಬಂದ. ಗಡ್ಡ ಬೆಳೆದಿತ್ತು. ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಅದೇ ಸ್ಟೂಲಿನ ಮೇಲೆ ಕೂತ. ನಾನು ಇನ್ನೊಂದು ತಲೆ ಎತ್ತಿಕೊಂಡು ಕತ್ತರಿಸಿದೆ. ಅವನು ನನ್ನ ಕೈಗಳನ್ನೇ ನೋಡಿದ.

"ಬೈಯೋದಿದ್ರೆ ಬೈದುಬಿಡು," ಎಂದ.

"ಬೀಜಕ್ಕೆ ಅಂದಿದ್ದೆ ನೀನು."

"ಅಂದಿದ್ದೆ."

"ನನ್ನ ಮಾತು ನಂಬ್ತೀನಿ ಅಂದೆ. ನಂಬಿದವನು ಮಾಡೋ ಕೆಲಸನಾ ಇದು?"

"ನಂಬಿದ್ದಕ್ಕೇ ಮಾಡಿದ್ದು ಕಣೆ," ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ಬೀಜ ಅಂದ್ರೆ ಬಿತ್ತಿದವನು ಅಲ್ದಿದ್ರೆ ಅವನ ಮಗ ಆದ್ರೂ ಬೆಳೆ ನೋಡ್ಬೇಕು. ಮಾವ ಏಳು ವರ್ಷ ಅಂದ್ರು, ಕಾದೆ. ಅವರ್ನೆಲ್ಲ ಕಾಯಿಸ್ದೆ. ನೀನು ನೂರು ವರ್ಷ ಅಂದೆ. ನೂರು ವರ್ಷ ಕಾಯಿ ಅಂತ ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ? ನಾನು ಬಿಟ್ರೆ ನಾಳೆ ಇನ್ನೊಬ್ಬ ಹುಡುಕ್ತಾನೆ. ನಾನಿರೋವಾಗ, ನನ್ನ ಮಾತು ನಂಬಿ ಕೆಟ್ಟವರಿಗೆ ಸಿಗ್ಲಿ ಅಂದ್ಕೊಂಡೆ."

ಅವನ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದೆ. ಮಾತು ಪೂರ್ತಿ ತಪ್ಪಾಗಿತ್ತು, ಆದರೆ ಬೆರಳಿಟ್ಟು ತೋರಿಸುವ ಜಾಗ ಸಿಗಲಿಲ್ಲ.

"ಹತ್ತು ವರ್ಷ ಅಂದಿದ್ರೆ ಕಾಯ್ತಿದ್ದೆ," ಎಂದ. "ಇಪ್ಪತ್ತು ಅಂದಿದ್ರೂ, ಹೆಂಗೋ."

"ಇನ್ನೂ ಉಳಿದಿವೆಯಾ ಅಲ್ಲಿ?"

"ಇವೆ. ಅರ್ಧದಷ್ಟು ಇರ್ಬಹುದು. ನಾಳೆ ಬೆಳಿಗ್ಗೆ ಐಸ್ ತುಂಬಿಸ್ಕೊಂಡು ಎಲ್ಲಾರೂ ಮತ್ತೆ ಹೊರಡ್ತೀವಿ."

ಅವನು ಎದ್ದ. ಬಾಗಿಲ ಹತ್ತಿರ ಹೋಗಿದ್ದ. ಇಷ್ಟು ವರ್ಷದ ಕೆಲಸದಲ್ಲಿ ನಾನು ಒಂದೇ ಒಂದು ಪದರವನ್ನು ಹೆಚ್ಚು ಕಡಿಮೆ ಹೇಳಿದವಳಲ್ಲ. ಹೆಚ್ಚು ಹೇಳು ಎಂದ ಮೇಲಧಿಕಾರಿಗೆ ಮುಖದ ಮೇಲೆ ಹೊಡೆದಂತೆ ಉತ್ತರ ಕೊಟ್ಟವಳು. ಅಂಥವಳು ಚಿಮಟ ಕೆಳಗಿಟ್ಟು, ಎದ್ದು ಹೋಗಿ ಅವನ ತೋಳು ಹಿಡಿದೆ.

"ಅಣ್ಣ, ನಾನು ಎಣಿಸಿದ್ದು ತಪ್ಪಾಗಿದೆ," ಎಂದೆ. "ಇವತ್ತು ಈ ಕಲ್ಲುಗಳನ್ನ ನೋಡಿದ್ಮೇಲೆ ಗೊತ್ತಾಯ್ತು. ಅಷ್ಟೆಲ್ಲ ವರ್ಷ ಬೇಡ. ಉಳಿದದ್ದನ್ನ ಬಿಟ್ರೆ ಹತ್ತು ವರ್ಷಕ್ಕೆ ತುಂಬುತ್ತೆ. ಹತ್ತೇ ವರ್ಷ."

ಅಣ್ಣ ತಿರುಗಿ ನನ್ನ ಮುಖ ನೋಡಿದ. ನಾನು ಕಣ್ಣು ತಪ್ಪಿಸದಿರಲು ನೋಡಿದೆ, ಆಗಲಿಲ್ಲ.

"ನಿಂಗೆ ಸುಳ್ಳು ಹೇಳೋಕೆ ಬರಲ್ಲ ಕಣೆ," ಎಂದ. ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ನನ್ನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ತನ್ನ ತೋಳಿನಿಂದ ಬಿಡಿಸಿ, ಪೆಟ್ಟಿಗೆಗಳನ್ನು ದಾಟಿಕೊಂಡು ಐಸಿನ ಅಂಗಡಿಯ ಕಡೆ ಇಳಿದುಹೋದ.